ಸಾಲು ಮುಗಿಸಿ ಹೋಗು

ಬೆಂಡೆಕಾಯಿ ಕೊಯ್ಯುವವರಿಗೆ ಕೈಗವಸು ಕೊಡುತ್ತಿರಲಿಲ್ಲ. ಗವಸು ಹಾಕಿದರೆ ಕೆಲಸ ನಿಧಾನವಾಗುತ್ತದೆ ಅನ್ನುವುದು ಕ್ಯಾಪ್ಟನ್ ಹಾರ್ಗಿಸ್‌ನ ಸಿದ್ಧಾಂತ. ಅವನು ಕುದುರೆ ಮೇಲೆ ಕೂತಿರುತ್ತಿದ್ದ. ಅವನ ಕೈಗೆ ಮಾತ್ರ ಚರ್ಮದ ಗವಸು. ಗಿಡದ ಸಣ್ಣ ಮುಳ್ಳು ಬೆವರಿಗೆ ಅಂಟಿಕೊಂಡು ಬೆರಳಸಂದಿಯಿಂದ ಮೊಣಕೈವರೆಗೆ ತುರಿಕೆ ಏರುತ್ತಿತ್ತು. ತುರಿಸಿಕೊಂಡರೆ ಕೆಲಸ ನಿಂತಿತೆಂದು ಬೈಗುಳ, ತುರಿಸಿಕೊಳ್ಳದೆ ಇದ್ದರೆ ಹುಚ್ಚು ಹಿಡಿಯುವುದೊಂದು ಬಾಕಿ. ಲೂಯಿಸಿಯಾನದ ಜುಲೈ ಬಿಸಿಲು. ನದಿಯ ಒಡ್ಡಿನ ಆಚೆಯಿಂದ ಒಂದೆಳೆ ಗಾಳಿಯೂ ಬರುತ್ತಿರಲಿಲ್ಲ.

ಹಿಂದೆ ಗುಲಾಮರನ್ನು ಸಾಕಿಕೊಂಡಿದ್ದ ಯಾವನೋ ದೊರೆಯ ಹತ್ತಿತೋಟ ಅದು. ಹೆಂಡತಿಯ ಹೆಸರನ್ನೇ ತೋಟಕ್ಕಿಟ್ಟಿದ್ದನಂತೆ, ಕಾನ್‌ಸ್ಟನ್ಸ್ ಅಂತ. ತೋಟ ಹೋಗಿ ಜೈಲಾದ ಮೇಲೂ ಹೆಸರು ಬದಲಾಗಲಿಲ್ಲ. ಸಾಲುಗಳೂ ಹಾಗೇ ಉಳಿದವು. ಬಗ್ಗಿದ ಬೆನ್ನುಗಳ ಬಣ್ಣವೂ ಹೆಚ್ಚುಕಮ್ಮಿ ಹಾಗೇ ಉಳಿಯಿತು.

ಆ ಶುಕ್ರವಾರ ಕ್ಲೋವಿಸ್ ನಾರ್ಸಿಸ್‌ನ ಅಂಗಿಯೊಳಗೆ, ಹೊಟ್ಟೆಗೆ ಒತ್ತಿಕೊಂಡು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ದಪ್ಪ ಲಕೋಟೆ ಇತ್ತು. ಫೆಡರಲ್ ಕೋರ್ಟಿಗೆ ಬರೆದ ಹೇಬಿಯಸ್ ಕಾರ್ಪಸ್ ಅರ್ಜಿ. ಜೈಲಿನವರ ಬಾಯಲ್ಲಿ ಬರಿ ರಿಟ್. ಅದನ್ನು ಕೊಡಲು ಅವತ್ತೇ ಕಡೆಯ ದಿನ.

ಕೈದಿ ತನ್ನ ಅರ್ಜಿಯನ್ನು ಜೈಲಿನವರ ಕೈಗೆ ಯಾವತ್ತು ಕೊಟ್ಟನೋ ಅವತ್ತೇ ಕೋರ್ಟಿಗೆ ಕೊಟ್ಟಂತೆ ಲೆಕ್ಕ. ಅಷ್ಟೊಂದು ಉಪಕಾರವನ್ನು ಕಾನೂನು ಮಾಡಿದೆ. ಆದರೆ ಕೊಡಬೇಕಾದ್ದು ಆಫೀಸಿನ ಪಕ್ಕದ ಕಿಟಕಿಯಲ್ಲಿ, ಸಹಿ ಹಾಕಿಸಿಕೊಂಡು. ಆ ಕಿಟಕಿ ತೆರೆಯುವುದು ಮಂಗಳವಾರ ಮತ್ತು ಶುಕ್ರವಾರ, ಮಧ್ಯಾಹ್ನ ಒಂದೇ ಒಂದು ಗಂಟೆ ಕಾಲ. ಆ ಹೊತ್ತಿಗೆ ಕೈದಿಗಳೆಲ್ಲ ಹೊಲದಲ್ಲಿ. ಬ್ಯಾರಕ್ಕಿನ ಮೂಲೆಯಲ್ಲಿ ಅಂಚೆಡಬ್ಬಿಯೂ ಇದೆ, ಇಲ್ಲವೆಂದಲ್ಲ. ಅದಕ್ಕೆ ಹಾಕಿದರೆ ಯಾವತ್ತು ಹಾಕಿದೆ ಅನ್ನುವುದಕ್ಕೆ ಸಾಕ್ಷಿಯಿಲ್ಲ. ಹೋದರೆ ಹೋಯಿತು, ಇಲ್ಲದಿದ್ದರೆ ಇಲ್ಲ.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಕ್ಲೋವಿಸ್ ಬೆನ್ನು ನೆಟ್ಟಗೆ ಮಾಡಿ ಟೋಪಿ ತೆಗೆದ.

"ಬಾಸ್, ಕಿಟ್ಕಿ ಹತ್ರ ಹೋಗ್ಬೇಕಿತ್ತು. ಕೋರ್ಟ್ ಕಾಗ್ದ. ಇವತ್ತೇ ಕಡೇ ದಿನ."

ಹಾರ್ಗಿಸ್ ಕುದುರೆಯನ್ನು ಹತ್ತಿರಕ್ಕೆ ನಡೆಸಿದ. ಕೆಟ್ಟ ಮಾತಾಡಲಿಲ್ಲ. ಅವನು ಕ್ಲೋವಿಸ್‌ನ ಜೊತೆ ಯಾವತ್ತೂ ಕೆಟ್ಟದಾಗಿ ಮಾತಾಡಿದವನಲ್ಲ.

"ಸಾಲು ಮುಗ್ಸಿ ಹೋಗು."

ಕ್ಲೋವಿಸ್ ಓಡಿದವನಂತೆ ಕೊಯ್ದ. ಎರಡು ಕೈಯಲ್ಲೂ ಮುರಿದ. ಪಕ್ಕದ ಸಾಲಿನಲ್ಲಿದ್ದ ರೇನೆಲ್ ಜೂಪಿಟರ್ ತನ್ನ ಸಾಲು ಬಿಟ್ಟು ಇವನ ಸಾಲಿನ ಕಾಯನ್ನೂ ಮುರಿದು ಇವನ ಚೀಲಕ್ಕೆ ಎಸೆದ. ರೇನೆಲ್ ಸುಮ್ಮನಿರುವ ಜಾತಿಯಲ್ಲ, ಬಾಯಿ ಆಡುತ್ತಲೇ ಇರಬೇಕು.

"ನಡೀಲಾ ನಡೀ. ಜಡ್ಜ್ ಸಾಹೇಬ್ರು ಅಲ್ಲಿ ಊಟ ಬುಟ್ಟು ಕಾಯ್ತಾ ಕುಂತವ್ರೆ ನಿಂಗೋಸ್ಕರ."

ಸಾಲು ಮುಗಿಯಿತು. ಕ್ಲೋವಿಸ್ ಚೀಲ ಹೊತ್ತುಕೊಂಡು ಬಂದು ತೂಕದವನ ಮುಂದೆ ಇಳಿಸಿ ಕ್ಯಾಪ್ಟನ್ನನ ಮುಖ ನೋಡಿದ.

"ಆ ಕಡೆ ಅರ್ಧ ಸಾಲು ಉಳ್ಕೊಂಡಿದ್ಯಲ್ಲ," ಅಂದ ಹಾರ್ಗಿಸ್. "ಅದ್ ಯಾರಪ್ಪಂದು? ಅದನ್ನೂ ಮುಗ್ಸು."

ಅದು ರೇನೆಲ್ ಬಿಟ್ಟು ಬಂದ ಸಾಲು. ಅದನ್ನೂ ಮುಗಿಸಿದ. ಆಮೇಲೆ ಬೆಂಗಾವಲಿಗೆ ಕಾವಲುಗಾರ ಬೇಕಲ್ಲ, ಕಾವಲುಗಾರ ಊಟಕ್ಕೆ ಹೋಗಿದ್ದ. ಅವನು ಬಂದು, ಹಲ್ಲು ಚುಚ್ಚಿಕೊಂಡು, ನಡಿ ಅಂದಾಗ ನೆರಳು ಆಗಲೇ ಉದ್ದವಾಗಿತ್ತು. ಕ್ಲೋವಿಸ್ ಕಿಟಕಿಗೆ ಹೋದ. ತಗಡಿನ ಬಾಗಿಲು ಎಳೆದು ಬೀಗ ಹಾಕಿತ್ತು. ಒಳಗೆ ರೇಡಿಯೊ ಹಾಡುತ್ತಿತ್ತು. ಎರಡು ಸಲ ಬಡಿದ. ರೇಡಿಯೊದ ದನಿ ಸ್ವಲ್ಪ ಜೋರಾಯಿತು ಅಷ್ಟೆ.

ಕ್ಲೋವಿಸ್ ಕೊಲೆಗಾರ ಅಂತ ತೀರ್ಪಾಗಿ ಹದಿನೇಳು ವರ್ಷವಾಗಿತ್ತು. ಸಾಯುವವರೆಗೆ ಜೈಲು, ಪೆರೋಲಿಲ್ಲ. ಪೆಟ್ರೋಲ್ ಬಂಕೊಂದರ ಮಾಲೀಕನನ್ನು ಯಾರೋ ಗುಂಡಿಟ್ಟು ದೋಚಿದ್ದರು. ಆ ರಾತ್ರಿ ಕ್ಲೋವಿಸ್ ಕೋಳಿ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದ. ತೊಡೆ ಬೇರೆ, ರೆಕ್ಕೆ ಬೇರೆ ಕತ್ತರಿಸುತ್ತ ನಿಂತಿದ್ದ. ಪಕ್ಕದಲ್ಲಿ ಮೇಸ್ತ್ರಿ ಮಿಸ್ ಓಡೀಲ್ ನಿಂತಿದ್ದಳು. ಕ್ಲೋವಿಸ್ ಮೂತ್ರಕ್ಕೆ ಹೋಗಬೇಕಾದರೂ ಅವಳನ್ನು ಕೇಳಿಯೇ ಹೋಗಬೇಕಾಗಿತ್ತು. ಸರ್ಕಾರ ಕೊಟ್ಟ ವಕೀಲ ಇವನನ್ನು ಕಂಡದ್ದು ಒಂದೇ ಸಲ, ಕೋರ್ಟಿನ ಪಡಸಾಲೆಯಲ್ಲಿ, ನಿಂತ ನಿಲುವಿನಲ್ಲಿ. "ಸಾಕ್ಷಿ ಯಾರಾದ್ರೂ ಇದ್ದಾರಾ?" ಅಂತ ಕೇಳಿದ. ಇವನು ಮಿಸ್ ಓಡೀಲ್ ಹೆಸರು ಹೇಳಿದ. ವಕೀಲ ಕಾಫಿ ಲೋಟದ ಮೇಲೆ ಹೆಸರು ಬರೆದುಕೊಂಡ. ಕಾಫಿ ಕುಡಿದಾದ ಮೇಲೆ ಲೋಟ ಎಲ್ಲಿಗೆ ಹೋಯಿತೋ ಹೆಸರೂ ಅಲ್ಲಿಗೇ ಹೋಯಿತು. ಮಿಸ್ ಓಡೀಲ್ ಮನೆಯಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಮೂರು ದಿನ ಕಾದಳಂತೆ. ಯಾರೂ ಕರೆಯಲಿಲ್ಲ. ತಾನಾಗಿ ಹೋದರೆ ಬಾಗಿಲಲ್ಲೇ ತಡೆದರು.

ಹೇಬಿಯಸ್ ಕಾರ್ಪಸ್ ಅಂದರೇನು ಅಂತ ಅವನಿಗೆ ತಿಳಿಸಿದವನು ಹೋಸಿಯ ಟೇಟ್. ಅವನೂ ಕೈದಿಯೇ. ಹೊಲದಲ್ಲಿ ಬೆನ್ನು ಮುರಿದುಕೊಂಡ ಮೇಲೆ ಜೈಲಿನ ಕಾನೂನು ಪುಸ್ತಕದ ಕೋಣೆಯಲ್ಲಿ ಗುಮಾಸ್ತನಾಗಿದ್ದ. ಹತ್ತು ರಿಟ್ ಬರೆದರೆ ಒಂಬತ್ತು ತಿರುಗಿ ಬರುತ್ತಿದ್ದವು, ಹತ್ತನೆಯದಕ್ಕೆ ಉತ್ತರವೇ ಬರುತ್ತಿರಲಿಲ್ಲ. ಆದರೂ ಬರೆಯುತ್ತಿದ್ದ.

"ನೋಡ್ಲಾ, ಅದ್ರ ಅರ್ಥ ಇಷ್ಟೇಯ," ಅಂದಿದ್ದ ಹೋಸಿಯ. "ಜೈಲಿನವ್ರೇ, ಈ ಆಳನ್ನ ಯಾಕ್ ಹಿಡ್ಕೊಂಡಿದ್ದೀರಿ? ಕಾರಣ ಹೇಳಿ, ಇಲ್ಲಾಂದ್ರೆ ಬುಡಿ. ಹಂಗಂತ ಕೇಳೋ ಅಧಿಕಾರ ಫೆಡರಲ್ ಜಡ್ಜಿಗೆ ಅದೆ. ಕೇಳ್ಲೇಬೇಕು ಅಂತ ಏನೂ ಇಲ್ಲ."

ಅಲ್ಲಿಗೆ ಹೋಗುವುದಕ್ಕೂ ಮುಂಚೆ ರಾಜ್ಯದ ಕೋರ್ಟುಗಳ ಬಾಗಿಲನ್ನೆಲ್ಲ ತಟ್ಟಿ ಮುಗಿಸಬೇಕು. ಮೊದಲ ಮೇಲ್ಮನವಿ ಮುಗಿದ ಮೇಲೆ, ಕ್ಲೋವಿಸ್‌ನದು ಮುಗಿಯಲು ಹತ್ತು ವರ್ಷ ಹಿಡಿದಿತ್ತು, ಫೆಡರಲ್ ಕೋರ್ಟಿಗೆ ಹೋಗಲು ಕೈದಿಗೆ ಒಟ್ಟು ಒಂದು ವರ್ಷ. ರಾಜ್ಯದ ಕೋರ್ಟು ಯೋಚನೆ ಮಾಡುತ್ತಿರುವಷ್ಟು ಕಾಲ ಆ ವರ್ಷ ನಿಂತಿರುತ್ತದೆ, ಅದು ಬೇಡ ಅಂದ ಕೂಡಲೇ ಮತ್ತೆ ಓಡಲು ಶುರು. ರಾಜ್ಯದ ಕೋರ್ಟು ಕ್ಲೋವಿಸ್‌ನ ಅರ್ಜಿಯ ಮೇಲೆ ಆರು ವರ್ಷ ಕೂತಿತ್ತು. ಆರು ವರ್ಷ ಕಾವು ಕೊಟ್ಟು ಹಾಕಿದ ಮೊಟ್ಟೆ ಒಂದೇ ಪದ: ತಿರಸ್ಕೃತ. ನೀವ್ಯಾಕೆ ತಡ ಮಾಡಿದಿರಿ ಅಂತ ಅವರನ್ನು ಯಾರೂ ಕೇಳಲಿಲ್ಲ, ಕೇಳುವ ಹಾಗೂ ಇಲ್ಲ.

ಉಳಿದ ಕಾಲದಲ್ಲಿ ಕ್ಲೋವಿಸ್ ಒಂದು ತಪ್ಪು ಮಾಡಿದ. ರಿಟ್ ಬರೆದು ಮುಗಿದಿತ್ತು. ಮಿಸ್ ಓಡೀಲ್ ನೋಟರಿಯ ಮುಂದೆ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ ಅಂಚೆಯಲ್ಲಿತ್ತು. ಜೈಲಿಗೆ ಬಂದು ಮುಟ್ಟಿಯೂ ಇತ್ತು. ತಪಾಸಣೆ ಅಂತ ಒಳಗಿನ ಕೋಣೆಯಲ್ಲಿ ವಾರಗಟ್ಟಲೆ ಬಿದ್ದಿತ್ತು.

"ಆ ಕಾಗ್ದಕ್ಕೆ ಕಾಯ್ಬ್ಯಾಡ ಕಣ್ಲಾ," ಅಂತ ಹೋಸಿಯ ಬೈದ. "ಮೊದ್ಲು ರಿಟ್ ತಳ್ಳು. ಅದನ್ನ ಹಿಂದಿಂದ ಕಳ್ಸಾನ."

"ಅರ್ಧಂಬರ್ಧ ಕಳ್ಸುದ್ರೆ ಮೇಲಿಂದ ಒಂದ್ಸಲ ನೋಡಿ ಪಕ್ಕಕ್ ಮಡಗ್ತಾರೆ ಕಣಣ್ಣ. ಆ ತಾಯಿ ಮಾತು ಅದ್ರಲ್ಲೇ ಇರ್ಬೇಕು. ತೆಗುದ್ರೆ ಮೊದ್ಲು ಅದೇ ಕಾಣ್ಬೇಕು."

ದೊಡ್ಡವರ ಮುಂದೆ ಹೋಗುವಾಗ ಎಲ್ಲ ಅಚ್ಚುಕಟ್ಟಾಗಿರಬೇಕು ಅನ್ನುವ ಬಡವರ ಮರ್ಯಾದೆ ಅದು. ಹರಿದ ಬಟ್ಟೆಯಲ್ಲಿ ಚರ್ಚಿಗೆ ಹೋಗಬಾರದು ಅಂತ ತಾಯಿ ಕಲಿಸಿದವರು ಮಾತ್ರ ಮಾಡುವ ತಪ್ಪು. ಇದೇ ಮರ್ಯಾದೆಯಿಂದ ಕ್ಲೋವಿಸ್ ಹದಿನೇಳು ವರ್ಷ ಶಿಸ್ತು ತಪ್ಪಿದನೆಂಬ ಒಂದು ರಿಪೋರ್ಟನ್ನೂ ಮೈಮೇಲೆ ಹಾಕಿಸಿಕೊಂಡಿರಲಿಲ್ಲ. ಎದುರು ಮಾತಿಲ್ಲ, ಜಗಳವಿಲ್ಲ, ಒಂದು ದಿನ ಹಾಸಿಗೆ ಮಡಿಸದೆ ಬಿಟ್ಟದ್ದಿಲ್ಲ. ಯಾವತ್ತೋ ಒಬ್ಬ ಜಡ್ಜು ತನ್ನ ಕಡತ ಬಿಚ್ಚುತ್ತಾನೆ, ಈ ಮನುಷ್ಯ ಅಂಥವನಲ್ಲ ಅಂತ ಅವನಿಗೆ ಗೊತ್ತಾಗುತ್ತದೆ ಅನ್ನುವ ನಂಬಿಕೆ.

ಹೇಳಿಕೆ ಅವನ ಕೈಗೆ ಬಂದದ್ದು ಗುರುವಾರ ಸಂಜೆ. ಮಾರನೆಯ ದಿನ ಹಾರ್ಗಿಸ್, ಬೆಂಡೆಕಾಯಿ, ಬೀಗ. ಮಂಗಳವಾರ ಧೋ ಅಂತ ಮಳೆ ಸುರಿಯಿತು. ಹೊಲಕ್ಕೆ ಯಾರನ್ನೂ ಕರೆಯಲಿಲ್ಲ. ಕ್ಲೋವಿಸ್ ಕಿಟಕಿಗೆ ನಡೆದುಹೋಗಿ, ಲಕೋಟೆ ಕೊಟ್ಟು, ಸಹಿ ಮಾಡಿಸಿಕೊಂಡು ಬಂದ. ಯಾರೂ ಅಡ್ಡಿ ಮಾಡಲಿಲ್ಲ.

ಉತ್ತರ ಬಂದದ್ದು ಚಳಿಗಾಲದಲ್ಲಿ. ಹೋಸಿಯ ಕನ್ನಡಕ ಏರಿಸಿಕೊಂಡು ಮೊದಲು ತಾನೊಬ್ಬನೇ ಓದಿದ. ಮುಖ ನೋಡಿಯೇ ಕ್ಲೋವಿಸ್‌ಗೆ ಗೊತ್ತಾಯಿತು. ಆದರೂ, "ಓದಣ್ಣ," ಅಂದ.

"ನಾಕ್ ದಿನ ಲೇಟು ಅಂತ ಬರ್ದವ್ರೆ."

"ಸಾಲು ಮುಗ್ಸು ಅಂದದ್ದನ್ನ ಬರ್ದಿದ್ದೆ ಅಲ್ವಾ ನೀನು?"

"ಬರ್ದಿದ್ದೆ. ಅದ್ಕೂ ಉತ್ರ ಕೊಟ್ಟವ್ರೆ, ಕೇಳು." ಹೋಸಿಯ ಬೆರಳಿಟ್ಟು ಓದಿದ. "ಹೊಲದ ಕೆಲಸವು ಸೆರೆವಾಸದ ಸಾಮಾನ್ಯ ಸಂಗತಿಯಾಗಿದ್ದು, ಗಡುವನ್ನು ಸಡಿಲಿಸಬಲ್ಲ ಅಸಾಧಾರಣ ಸಂದರ್ಭವೆಂದು ಪರಿಗಣಿಸಲಾಗದು."

ಕ್ಲೋವಿಸ್ ತನ್ನ ಕೈ ನೋಡಿಕೊಂಡ. ಬೆಂಡೆ ಹೋಗಿ ಈಗ ಕೋಸಿನ ಕಾಲ. ಬೆರಳುಗಳು ಒಡೆದು ಬಿರುಕು ಬಿಟ್ಟಿದ್ದವು.

"ತಪ್ಪು ಮಾಡಿಲ್ದೋನಿಗೆ ಗಡುವು ಇಲ್ಲ ಅಂತ ಹೇಳಿದ್ದೆಯಲ್ಲಣ್ಣ ನೀನು. ಮಿಸ್ ಓಡೀಲ್ ಹೇಳ್ಕೆ ನೋಡುದ್ರೆ..."

"ಅದನ್ನೂ ಹಾಕಿದ್ದೆ ಕಣಪ್ಪ. ಹೊಸಾ ಸಾಕ್ಷಿ ಆಗಿರ್ಬೇಕಂತೆ. ಇದು ಹೊಸದಲ್ವಂತೆ. ಆವಮ್ಮ ನಿನ್ ಪಕ್ಕದಲ್ಲಿದ್ಲು ಅಂತ ನಿಂಗೆ ಅವತ್ತೇ ಗೊತ್ತಿತ್ತಂತೆ."

"ಗೊತ್ತಿತ್ತು. ಗೊತ್ತಿದ್ದದ್ಕೇ ಅಲ್ವಾ ವಕೀಲ್ನಿಗೆ ಹೇಳಿದ್ದು?"

"ಅದೇ. ಗೊತ್ತಿದ್ಮೇಲೆ ಹಳೇದು."

ಕ್ಲೋವಿಸ್ ನಕ್ಕ. ನಗುವಿನ ಥರ ಇರಲಿಲ್ಲ ಅದು. ಅವನು ಕೊಂದನೋ ಇಲ್ಲವೋ ಅನ್ನುವ ಬಗ್ಗೆ ಅಷ್ಟೂ ಪುಟಗಳಲ್ಲಿ ಒಂದೇ ಒಂದು ಮಾತು ಇರಲಿಲ್ಲ. ಯಾಕೆ ಹಿಡಿದುಕೊಂಡಿದ್ದೀರಿ ಅಂತ ಜೈಲಿನವರನ್ನು ಕೇಳಬೇಕಾದ ಕೋರ್ಟು, ನೀನ್ಯಾಕೆ ತಡವಾಗಿ ಬಂದೆ ಅಂತ ಕೈದಿಯನ್ನು ಕೇಳಿ ಬಾಗಿಲು ಹಾಕಿಕೊಂಡಿತು. ಮೇಲಿನ ಕೋರ್ಟಿಗೆ ಹೋಗಲು ಅದೇ ಕೋರ್ಟಿನ ಅಪ್ಪಣೆ ಬೇಕು. ಅಪ್ಪಣೆಯೂ ಇಲ್ಲ ಅಂತ ಕಡೆಯ ಸಾಲಿನಲ್ಲಿ ಬರೆದಿತ್ತು.

"ಇನ್ನೊಂದ್ ಅದೆ," ಅಂದ ಹೋಸಿಯ. ಓದಲೋ ಬೇಡವೋ ಅಂತ ಅನುಮಾನ ಮಾಡಿ, ಓದಿದ. "ಶಿಕ್ಷಾಕೋಣೆಗಳಲ್ಲಿರುವ ಕೈದಿಗಳ ಬಾಗಿಲಿಗೇ ಸಿಬ್ಬಂದಿಯು ಪ್ರತಿದಿನ ಬೆಳಿಗ್ಗೆ ತೆರಳಿ ಕೋರ್ಟು ಪತ್ರಗಳನ್ನು ಸಹಿ ಮಾಡಿ ಸ್ವೀಕರಿಸುವ ವ್ಯವಸ್ಥೆ ಇದೆಯೆಂದು ರಾಜ್ಯದ ವಕೀಲರು ತಿಳಿಸಿದ್ದಾರೆ. ಅಂಥವರಿಗಿಂತ ಹೆಚ್ಚು ಸ್ವಾತಂತ್ರ್ಯ ಹೊಂದಿದ್ದ ಅರ್ಜಿದಾರನು ಅವಕಾಶವಿರಲಿಲ್ಲವೆಂದು ಹೇಳಲು ಬರುವುದಿಲ್ಲ."

ಪಕ್ಕದಲ್ಲಿ ಕೂತು ತನ್ನ ರಿಟ್‌ನ ಕರಡು ತಿದ್ದಿಸಿಕೊಳ್ಳುತ್ತಿದ್ದ ರೇನೆಲ್ ತಲೆ ಎತ್ತಿದ.

"ನಿಂತ್ಕೊ ನಿಂತ್ಕೊ. ಅಂದ್ರೆ ಕತ್ಲೆಕೋಣೆಲಿರೋನ ಹತ್ರ ಅವ್ರೇ ಬತ್ತಾರಾ? ದಿನಾ?"

"ಭಾನ್ವಾರ ಬುಟ್ಟು," ಅಂದ ಹೋಸಿಯ.

"ಅಲ್ಲ ಕ್ಲೋವಿಸಣ್ಣ, ಹಿಂದಿನ್ ದಿನಾನೇ ಆ ಹಾರ್ಗಿಸ್ ಕುದ್ರೆ ಕಾಲಿಗೆ ಚೀಲ ಎಸ್ದು, ಹೋಗಲೋ ಅಂದಿದ್ರೆ? ಹಿಡ್ದು ಒಳಗಾಕೋರು. ಬಾಗ್ಲಿಗೇ ಬಂದು, ಏನಾರ ಕಾಗ್ದ ಅದಾ ದೊರೆ ಅಂತ ಕೇಳೋರು. ನಿನ್ ರಿಟ್ ಟೈಮಿಗೆ ಸರ್ಯಾಗಿ ಹೋಗಿರೋದು!"

ಹೋಸಿಯ ಅವನ ಕಡೆ ಕೆಂಗಣ್ಣು ಬಿಟ್ಟ. ಆದರೆ ಮಾತು ಆಡಿಯಾಗಿತ್ತು. ಕ್ಲೋವಿಸ್ ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಎದ್ದುಹೋದ. ಆ ಸಂಜೆ ಅವನು ಊಟದ ಸಾಲಿನಲ್ಲಿ ನಿಲ್ಲಲಿಲ್ಲ.

ಮುಂದಿನ ಭಾನುವಾರ ತಂಗಿ ವರ್ನೀಟಾ ನೋಡಲು ಬಂದಳು. ಬಸ್ಸು ಬದಲಿಸಿ ಬದಲಿಸಿ ಬಂದು, ತಪಾಸಣೆಯಲ್ಲಿ ನಿಂತು, ಒಳಗೆ ಕೂರುವ ಹೊತ್ತಿಗೆ ಅವಳ ಕಾಲು ಊದಿಕೊಂಡಿತ್ತು. ಬಂದವಳೇ ಮಾತು ಶುರುಮಾಡಿದಳು.

"ಮಿಸ್ ಓಡೀಲ್ ಹೊಸಾ ಟೋಪಿ ತಗೊಂಡವ್ರೆ, ನೀಲಿದು. ಕೋರ್ಟಿಗೆ ಅಂತ. ಸಿಕ್ಕಿದಾಗೆಲ್ಲ ಕೇಳ್ತಾರೆ, ಯಾವತ್ತಮ್ಮ ಬರ್ಬೇಕು ನಾನು, ಮಂಡಿ ನೋವು, ಮುಂಚೇನೇ ಹೇಳು ಅಂತ. ಏನ್ ಹೇಳ್ಲಿ?"

"ಬ್ಯಾಡ ಅನ್ನು."

"ಯಾಕಣ್ಣ?"

"ಲೇಟಾಯ್ತಂತೆ."

ವರ್ನೀಟಾ ಕಾವಲುಗಾರ ತಿರುಗಿ ನೋಡುವಷ್ಟು ಜೋರಾಗಿ ಕೇಳಿದಳು.

"ಯಾರಿಗೆ ಲೇಟಾಯ್ತು? ಆ ಮುದ್ಕಿ ಬದ್ಕವ್ಳೆ. ನೀನ್ ಬದ್ಕಿದ್ದೀಯ. ಆ ಜಡ್ಜೂ ಬದ್ಕವ್ನೆ, ಮೂರ್ ಹೊತ್ತೂ ಉಣ್ತಾವ್ನೆ. ಮತ್ಯಾರಿಗೆ ಲೇಟಾಗಿದ್ದು?"

ಹಾಗಾದರೆ ಮಿಸ್ ಓಡೀಲ್‌ಗೆ ಏನೂ ಹೇಳಲೇಬೇಡ ಅಂತ ಕ್ಲೋವಿಸ್ ಮಾತು ಬದಲಿಸಿದ. ಟೋಪಿ ಚರ್ಚಿಗೂ ಆಗುತ್ತದೆ ಅಂದ.

ಅದಾದ ಮೇಲೆ ಕ್ಲೋವಿಸ್ ಕೆಲಸ ಬಿಡಲಿಲ್ಲ. ಮೊದಲಿನಂತೆಯೇ ಏಳುತ್ತಿದ್ದ, ಹಾಸಿಗೆ ಮಡಿಸುತ್ತಿದ್ದ, ಸಾಲಿನಲ್ಲಿ ನಿಲ್ಲುತ್ತಿದ್ದ. ಆದರೆ ಹಾರ್ಗಿಸ್ ಮಾತಾಡಿಸಿದರೆ ಟೋಪಿ ತೆಗೆಯುವುದನ್ನು ಬಿಟ್ಟ. ಹಾರ್ಗಿಸ್ ಗಮನಿಸಿದ.

ಮತ್ತೆ ಬೆಂಡೆ ಬಂತು. ಈ ಸಲ ಕಡೆಯ ದಿನ ರೇನೆಲ್‌ದು. ಠಾಣೆಯಲ್ಲಿ ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡಿದ್ದರು ಅವನಿಂದ. ಒಂದು ಕಿವಿ ಅವತ್ತಿನಿಂದ ಕೇಳುತ್ತಿರಲಿಲ್ಲ. ಹೆದರುವವರು ಅವನ ಕೇಳದ ಕಿವಿಯ ಪಕ್ಕ ಕೂತು ಬೈಯುತ್ತಾರೆ ಅಂತ ಅವನೇ ತಮಾಷೆ ಮಾಡುತ್ತಿದ್ದ. ಕಿಟಕಿಗೆ ಹೋಗಲು ಅಪ್ಪಣೆ ಬೇಕು ಅಂತ ವಾರಗಳ ಹಿಂದಿನಿಂದ ಚೀಟಿ ಹಾಕಿದ್ದ. ಒಂದಕ್ಕೂ ಉತ್ತರವಿಲ್ಲ, ಬೆಂಡೆ ಕಾಲದಲ್ಲಿ ಚೀಟಿ ಓದುವವರಿಲ್ಲ. ಅವನ ಗಡುವು ಮುಗಿಯುವುದು ಬುಧವಾರ. ಮಂಗಳವಾರ ಮಧ್ಯಾಹ್ನದ ಕಿಟಕಿ ತಪ್ಪಿದರೆ ಮತ್ತೆ ಶುಕ್ರವಾರವೇ.

ಮಂಗಳವಾರ ಮಳೆ ಬರಲಿಲ್ಲ. ರೇನೆಲ್ ಕ್ಯಾಪ್ಟನ್ನನ ಮುಂದೆ ಹೋಗಿ ಕೇಳಿದ. ಹಾರ್ಗಿಸ್ ಅದೇ ಮಾತು ಹೇಳಿದ, ಅದೇ ದನಿಯಲ್ಲಿ. ರೇನೆಲ್ ಇದಕ್ಕೇ ಕಾಯುತ್ತಿದ್ದವನಂತೆ ಚೀಲವನ್ನು ನೆಲಕ್ಕೆ ಎಸೆದ. ಕಾಯಿ ಚೆಲ್ಲಾಪಿಲ್ಲಿಯಾಯಿತು.

"ಹಂಗಾದ್ರೆ ನಾನ್ ಕೆಲ್ಸ ಮಾಡಲ್ಲ ಬಾಸ್. ರಿಪೋರ್ಟ್ ಬರೀರಿ. ಕತ್ಲೆಕೋಣೆಗಾಕಿ."

ಹಾರ್ಗಿಸ್ ಮೀಸೆಯಡಿಯಲ್ಲೇ ನಕ್ಕ.

"ಕಿಲಾಡಿ ನನ್ಮಗನೆ. ಕೋಣೆ ಬೇಕಾ ನಿಂಗೆ? ಬಾಗ್ಲಿಗೇ ಬಂದು ಕಾಗ್ದ ಇಸ್ಕೊಳ್ಲಿ ಅಂತಾನಾ? ಆ ಕೋರ್ಟ್ ತೀರ್ಪು ನಂಗೂ ಓದಾಕ್ ಬತ್ತದೆ ಕಣೊ." ಅವನು ಗವಸು ಹಾಕಿದ ಕೈಯಿಂದ ಸಾಲಿನ ತುದಿ ತೋರಿಸಿದ. ಅಲ್ಲಿ ಹುಲ್ಲಿನ ನೆರಳೂ ಇರಲಿಲ್ಲ. "ರಿಪೋರ್ಟೂ ಇಲ್ಲ, ಕೋಣೇನೂ ಇಲ್ಲ. ಅಲ್ಲೋಗಿ ನಿಂತ್ಕೊ. ಸಂಜೆಗಂಟ. ನಾಳೆನೂ ಅಲ್ಲೇ ನಿಂತ್ಕೊಳ್ಳೋವಂತೆ. ನಾಡಿದ್ದು ಕರ್ಕೊಂಡ್ ಹೋಗ್ತೀನಿ ನಿನ್ನ, ಎಲ್ಲಿ ಬೇಕಾದ್ರೂ."

ರೇನೆಲ್‌ನ ಬಾಯಿ ಅವತ್ತು ಮೊದಲ ಸಲ ಕಟ್ಟಿತು. ಹೋಗಿ ನಿಂತ. ಅಂಗಿಯೊಳಗಿನ ಲಕೋಟೆ ಜಾರದ ಹಾಗೆ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದ. ಸಾಲು ಮತ್ತೆ ಬಗ್ಗಿತು. ಎಲ್ಲರಿಗೂ ಅವನ ಕಡೆ ನೋಡಲು ನಾಚಿಕೆ.

ಕ್ಲೋವಿಸ್ ನಾಲ್ಕು ಗಿಡ ಮುಂದೆ ಹೋದ. ಐದನೆಯ ಗಿಡದ ಹತ್ತಿರ ನಿಂತ. ತನ್ನದು ಮುಗಿದ ಕಥೆ. ಇನ್ನು ಯಾವ ಕೋರ್ಟೂ ಅವನ ಕಡತ ತೆಗೆಯುವುದಿಲ್ಲ. ಈಗ ಸುಮ್ಮನಿದ್ದರೆ ಮುದಿವಯಸ್ಸಿಗೆ ಅಡುಗೆಮನೆಯ ಕೆಲಸವೋ ಹೂದೋಟದ ಕೆಲಸವೋ ಸಿಗುತ್ತದೆ. ಮಾತಾಡಿದರೆ ಸಾಯುವವರೆಗೂ ಬೆಂಡೆ. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಚೀಲವನ್ನು ಹೆಗಲಿಂದ ಇಳಿಸಿ, ಮಡಿಸಿ, ನೆಲಕ್ಕಿಟ್ಟು, ಅದರ ಮೇಲೆ ಕೂತ.

ಹಾರ್ಗಿಸ್‌ಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು.

"ನಾರ್ಸಿಸ್? ಏನೋ? ಮೈ ಸರಿಯಿಲ್ವಾ?"

"ಮೈ ಚೆನ್ನಾಗದೆ ಬಾಸ್. ಕೆಲ್ಸ ಮಾಡಲ್ಲ ಅಷ್ಟೆ. ಅವ್ನನ್ನ ಕಿಟ್ಕಿಗೆ ಕಳ್ಸಿ."

"ಏಳೋ ಮೇಲೆ."

"ಏಳಲ್ಲ."

ಹಿಂದಿನ ಸಾಲಿನಲ್ಲಿ ಇನ್ನೊಬ್ಬ ಕೂತ. ಅವನ ಪಕ್ಕದವನು ಕೂತ. ಯಾರೂ ಕೂಗಲಿಲ್ಲ, ಯಾರೂ ಯಾರಿಗೂ ಸನ್ನೆ ಮಾಡಲಿಲ್ಲ. ದೂರದ ತುದಿಯಲ್ಲಿದ್ದ ಒಬ್ಬ ದಢೂತಿ ಆಳು, "ನಂಗ್ ರಿಟ್ಟೂ ಇಲ್ಲ ಗಿಟ್ಟೂ ಇಲ್ಲ ಕಣ್ರಪ್ಪ, ಕೈ ಉರೀತಾ ಅದೆ," ಅಂತ ಹೇಳಿಕೊಂಡೇ ಕೂತ. ಯಾರೋ ನಕ್ಕರು. ಬಂದೂಕು ಹಿಡಿದ ಕಾವಲುಗಾರರು ಕುದುರೆಗಳನ್ನು ಹತ್ತಿರ ತಂದರು. ಒಬ್ಬನಿಗೆ ಗುರಿಯಿಡಬಹುದು. ಸಾಲಿಗೆ ಸಾಲೇ ಕೂತರೆ ಯಾರಿಗೆ ಅಂತ ಇಡುವುದು? ಬಿಸಿಲಲ್ಲಿ ಬೆಂಡೆ ಬಲಿಯುತ್ತಿತ್ತು. ತೂಕದ ಕೊಟ್ಟಿಗೆಯ ಮುಂದೆ ವ್ಯಾಪಾರಿಯ ಲಾರಿ ನಿಂತಿತ್ತು.

ಕಡೆಗೆ ಹಾರ್ಗಿಸ್‌ನ ಮೇಲಧಿಕಾರಿ ಮೇಜರ್ ಜೀಪಿನಲ್ಲಿ ಬಂದ. ಬಂದವನು ಮೊದಲು ಬೈದದ್ದು ಹಾರ್ಗಿಸ್‌ನನ್ನು, ಅದೂ ಎಲ್ಲರ ಮುಂದೆ.

"ಲಾರಿ ಕಾಯ್ತಾ ಇದೆ ಅಲ್ಲಿ! ಆಟ ಆಡ್ತಿದ್ದೀಯೇನಯ್ಯ? ಎಲ್ರಿಗೂ ರಿಪೋರ್ಟ್ ಬರಿ. ಎಲ್ರನ್ನೂ ಒಳಗ್ ಹಾಕು. ಬೇರೆ ಸಾಲು ಕರ್ಸು."

"ಸಾರ್, ಆ ಜೂಪಿಟರ್ ಒಬ್ನನ್ನ ಬಿಟ್ಟು..."

"ಎಲ್ರನ್ನೂ ಅಂದೆ!"

ಕೈಕೋಳ ಹಾಕಿ ಟ್ರಕ್ಕಿಗೆ ತಳ್ಳಿದರು. ತಳ್ಳುವಾಗ ಕೆಲವರಿಗೆ ಏಟು ಬಿತ್ತು. ಹಾರ್ಗಿಸ್‌ನ ಲಾಠಿ ಕ್ಲೋವಿಸ್‌ನ ಬಾಯಿಗೇ ಬಿತ್ತು, ತುಟಿ ಸೀಳಿತು. ರೇನೆಲ್ ತನ್ನ ಕೇಳದ ಕಿವಿಯನ್ನು ಟ್ರಕ್ಕಿನ ತಗಡಿಗೆ ಒತ್ತಿ, ಹೊಟ್ಟೆಯನ್ನು ಎರಡು ಕೈಯಲ್ಲಿ ಅವುಚಿಕೊಂಡು ಕೂತಿದ್ದ. ಕೋಣೆಗೆ ಹಾಕುವ ಮುಂಚೆ ಬಟ್ಟೆ ಬಿಚ್ಚಿಸಿ ನೋಡಿದರು. ಕೋರ್ಟು ಕಾಗದ ಕಿತ್ತುಕೊಳ್ಳುವ ಹಾಗಿಲ್ಲ, ಬಾಗಿಲಿಗೇ ಬಂದು ಸಹಿ ಮಾಡಿ ತೆಗೆದುಕೊಳ್ಳಬೇಕು ಅಂತ ನಿಯಮ. ರಾಜ್ಯದ ವಕೀಲರೇ ಫೆಡರಲ್ ಕೋರ್ಟಿನ ಮುಂದೆ ಅಷ್ಟು ಹೆಮ್ಮೆಯಿಂದ ಹೇಳಿಕೊಂಡ ವ್ಯವಸ್ಥೆ ಅದು. ಲಕೋಟೆ ರೇನೆಲ್‌ನ ಕೈಗೇ ವಾಪಸು ಬಂತು.

ಬುಧವಾರ ಬೆಳಿಗ್ಗೆ ಜೋಳದ ಗಂಜಿಯ ತಟ್ಟೆ ಒಳಗೆ ತಳ್ಳಿ ಹೋದ ಮೇಲೆ ಸಿಬ್ಬಂದಿಯವನೊಬ್ಬ ಬಂದ. ಕೈ ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಬಂದಿದ್ದ. ಒಬ್ಬರೋ ಇಬ್ಬರೋ ಇರುತ್ತಿದ್ದ ಕಡೆ ಅಷ್ಟು ಜನರನ್ನು ಕಂಡು ಅವನಿಗೇ ಗಾಬರಿ.

"ಕೋರ್ಟ್ ಕಾಗ್ದ ಯಾರದಾದ್ರೂ ಇದ್ಯಾ?"

"ಇಲ್ಲೊಂದ್ ಅದೆ ದೊರೆ," ಅಂದ ರೇನೆಲ್. ಸರಳಿನ ಸಂದಿಯಿಂದ ಲಕೋಟೆ ಹೊರಗೆ ಬಂತು. ಸಿಬ್ಬಂದಿಯವನು ತಾರೀಖು ಬರೆದು ಸಹಿ ಹಾಕಿ ಚೀಟಿ ಹರಿದು ಕೊಟ್ಟ. ಚೀಟಿ ಕೈಗೆ ಬಂದ ಮೇಲೆ ರೇನೆಲ್ ಅದನ್ನು ಬಾಯಿಗೆ ಹಾಕಿಕೊಳ್ಳುವವನಂತೆ ಮುಖಕ್ಕೆ ಒತ್ತಿಕೊಂಡ. ಜಡ್ಜು ರಿಟ್ ಓದುತ್ತಾನೋ ಇಲ್ಲವೋ ಯಾರು ಕಂಡವರು. ತಡವಾಯಿತು ಅಂತ ಮಾತ್ರ ಹೇಳಲಾರ.

ಸಿಬ್ಬಂದಿಯವನು ಮುಂದಿನ ಕೋಣೆಗೆ ಬಂದು ಒಳಗೆ ಬಗ್ಗಿ ನೋಡಿದ. ಒಡೆದ ತುಟಿ ಊದಿಕೊಂಡು ಕ್ಲೋವಿಸ್‌ನ ಮುಖ ಗುರುತು ಸಿಗುವಂತಿರಲಿಲ್ಲ.

"ನಾರ್ಸಿಸ್ ಅಲ್ವಾ ನೀನು? ನಿಂದೇನಾದ್ರೂ ಇದ್ಯಾ ಕಳ್ಸೋದು?"

"ಇಲ್ಲ ಬಾಸ್. ನಂದ್ ಮುಗೀತು."

"ಮತ್ ನಿಂಗ್ಯಾಕಯ್ಯಾ ಬೇಕಿತ್ತು ಇದು? ಇಷ್ಟ್ ವರ್ಷದಲ್ಲಿ ಒಂದ್ ರಿಪೋರ್ಟ್ ಇರ್ಲಿಲ್ಲ ನಿನ್ ಮೇಲೆ. ಒಂದೇ ಒಂದು ತಪ್ಪು ಮಾಡಿರ್ಲಿಲ್ಲ."

ಕ್ಲೋವಿಸ್ ಸರಳಿನ ಹತ್ತಿರಕ್ಕೆ ಬಂದ. ಮಾತಾಡಿದರೆ ತುಟಿಯಲ್ಲಿ ರಕ್ತ ಒಸರುತ್ತಿತ್ತು.

"ಅದೇ ಬಾಸ್ ನಾನ್ ಮಾಡಿದ್ ತಪ್ಪು. ಬಂದಾಗಿಂದ ಅದೊಂದೇ ತಪ್ಪು ಮಾಡ್ದೋನು ನಾನು."

ಸಿಬ್ಬಂದಿಯವನು ಹಲಗೆ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟ. ಅವನು ಓಣಿಯ ಅರ್ಧ ದಾಟಿರಲಿಲ್ಲ, ಆ ತುದಿಯ ಕೋಣೆಯಿಂದ ಒಂದು ದನಿ ಬಂತು.

"ಕ್ಲೋವಿಸಣ್ಣಾ, ನಂದು ಸೆಪ್ಟೆಂಬರ್‌ನಲ್ಲಿ ಅದೆ ಕಣಣ್ಣಾ ಕಡೇ ದಿನ!"

"ಯಾವ್ ವಾರ ಬತ್ತದೆ ನೋಡ್ಕೊ. ಹಿಂದಿನ್ ದಿನ ಕೂರಾನ," ಅಂತ ಕ್ಲೋವಿಸ್ ಕೂಗಿ ಹೇಳಿದ.

ಇನ್ನೊಂದು ಕೋಣೆಯಿಂದ ಇನ್ನೊಬ್ಬ ತನ್ನದು ಹೇಳಿದ. ಅದರ ಎದುರಿನವನು ತನ್ನದು ಹೇಳಿದ. ಸಿಬ್ಬಂದಿಯವನು ಓಣಿಯ ನಡುವೆ ನಿಂತು, "ಏಯ್, ಸುಮ್ನಿರ್ರೋ," ಅಂದ. ಯಾರೂ ಸುಮ್ಮನಾಗಲಿಲ್ಲ. ಕೋಣೆಯಿಂದ ಕೋಣೆಗೆ, ತಮ್ಮ ತಮ್ಮ ಕಡೆಯ ದಿನವನ್ನು ಉಳಿದವರೆಲ್ಲ ನೆನಪಿಟ್ಟುಕೊಳ್ಳಲಿ ಅಂತ, ಒಬ್ಬೊಬ್ಬರೂ ಗಟ್ಟಿಯಾಗಿ ಕೂಗಿ ಹೇಳತೊಡಗಿದರು.